ಆಸಕ್ತಿಗಿಂತ ಮೊದಲು ನಂಬಿಕೆ: ಗಣಿತದ ತರಗತಿಯಲ್ಲಿ ನನ್ನ ಅನುಭವ

ಮಕ್ಕಳಲ್ಲಿ ಮೊದಲು ಆಸಕ್ತಿ ಹುಟ್ಟಿಸಿದರೆ ಕಲಿಕೆ ತಾನಾಗಿಯೇ ಬರುತ್ತದೆ ಎಂಬ ಮಾತನ್ನು ಶಿಕ್ಷಕರ ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ದಕ್ಷಿಣ ಕೊಡಗಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾ ನನಗೆ ಮನವರಿಕೆಯಾಗಿರುವುದು ಬೇರೆಯೇ. ತನ್ನಿಂದ ಇದು ಆಗುತ್ತದೆ ಎಂಬ ನಂಬಿಕೆಯಿಲ್ಲದ ಮಗುವಿನಲ್ಲಿ ಆಸಕ್ತಿ ಹುಟ್ಟಿದರೂ ಉಳಿಯುವುದಿಲ್ಲ. ಆ ನಂಬಿಕೆಯಾದರೋ ಉಪದೇಶದಿಂದ ಬರುವುದಿಲ್ಲ, ನಿಜವಾಗಿ ಏನನ್ನಾದರೂ ಮಾಡಿ ಮುಗಿಸಿದಾಗ ಮಾತ್ರ ಬರುತ್ತದೆ.

ನನ್ನ ತರಗತಿಗೆ ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬುಡಕಟ್ಟು ಜನರ ಹಾಡಿಗಳಿಂದ, ಸಣ್ಣ ಬೆಳೆಗಾರರ ಮನೆಗಳಿಂದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ, ತಮಿಳು ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ಶಾಲೆಯಲ್ಲಿ ಎಲ್ಲರಿಗೂ ಕನ್ನಡ. ಎಂಟನೇ ತರಗತಿಗೆ ಹೊಸದಾಗಿ ಸೇರಿದವರಿಗೆ ಜೂನ್ ತಿಂಗಳಲ್ಲಿ ಒಂದು ಚೀಟಿ ಕೊಟ್ಟು, ಲೆಕ್ಕ ತಪ್ಪಾದಾಗ ಅದಕ್ಕೆ ಕಾರಣವೇನೆಂದು ಅನಿಸುತ್ತದೆ ಎಂಬ ಒಂದೇ ಪ್ರಶ್ನೆಗೆ ಹೆಸರು ಹಾಕದೆ ಉತ್ತರ ಬರೆಯಲು ಹೇಳುತ್ತೇನೆ. ‘ನನ್ನ ತಲೆಗೆ ಹತ್ತುವುದಿಲ್ಲ’, ‘ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ’ ಎಂಬ ಉತ್ತರಗಳು ಪ್ರತಿ ವರ್ಷವೂ ಬರುತ್ತವೆ. ‘ಮಗ್ಗಿ ಮರೆತಿದ್ದೇನೆ’, ‘ಪ್ರಶ್ನೆಯೇ ಅರ್ಥವಾಗಲಿಲ್ಲ’ ಎಂದು ಬರೆಯುವವರು ಕಡಿಮೆ. ಸೋಲಿಗೆ ನಾವು ಕೊಟ್ಟುಕೊಳ್ಳುವ ಕಾರಣವೇ ಮುಂದಿನ ಪ್ರಯತ್ನವನ್ನು ನಿರ್ಧರಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಬರ್ನಾರ್ಡ್ ವೈನರ್ ವಿವರಿಸಿದ್ದಾರೆ. ಮಗ್ಗಿ ಮರೆತಿದ್ದರೆ ಕಲಿಯಬಹುದು, ಆದರೆ ತಲೆಯೇ ಸರಿಯಿಲ್ಲ ಎಂದುಕೊಂಡ ಮಗು ಏಕೆ ಪ್ರಯತ್ನಿಸಬೇಕು?

ಇದಕ್ಕೆ ಪರಿಹಾರವೆಂದು ‘ನಿನ್ನಿಂದ ಸಾಧ್ಯ’ ಎಂಬ ಬರಹವನ್ನು ಗೋಡೆಗೆ ಅಂಟಿಸುವುದರಲ್ಲಿ ನನಗೆ ವಿಶ್ವಾಸವಿಲ್ಲ. ಬುದ್ಧಿ ಬೆಳೆಯಬಲ್ಲದು ಎಂಬ ನಂಬಿಕೆಯನ್ನು ಮೂಡಿಸುವ ಕಿರುಪಾಠಗಳನ್ನು ಅಮೆರಿಕದ ಪ್ರೌಢಶಾಲೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಪ್ರಯೋಜನವಾದದ್ದು ನಿಜ, ಆದರೆ ಆ ಪ್ರಯೋಜನ ಚಿಕ್ಕದು. ನನ್ನ ಕೆಲಸಕ್ಕೆ ದಾರಿ ತೋರಿಸಿದ್ದು ಅದಕ್ಕಿಂತ ಬಹಳ ಹಳೆಯದಾದ ಪ್ರಯೋಗ. 1981ರಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಅವರು ಕಳೆಯುವ ಲೆಕ್ಕದಲ್ಲಿ ಹಿಂದುಳಿದ, ಲೆಕ್ಕವೆಂದರೆ ಇಷ್ಟವೇ ಇಲ್ಲದ ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ಪ್ರತಿ ಅವಧಿಯಲ್ಲಿ ಆರು ಪುಟ ಮುಗಿಸುವ ಗುರಿ, ಇನ್ನು ಕೆಲವರಿಗೆ ಏಳು ಅವಧಿಗಳ ಕೊನೆಗೆ 42 ಪುಟ ಮುಗಿಸುವ ಗುರಿ. ಪುಟಗಳು ಅವೇ, ಸಮಯವೂ ಅಷ್ಟೇ. ಆದರೂ ಹತ್ತಿರದ ಗುರಿ ಪಡೆದ ಮಕ್ಕಳಲ್ಲಿ ಕೌಶಲವೂ ತಮ್ಮ ಮೇಲಿನ ನಂಬಿಕೆಯೂ ಹೆಚ್ಚಿದವು. ಇಷ್ಟವಿಲ್ಲದ ವಿಷಯದ ಮೇಲೆ ಆಸಕ್ತಿಯೂ ಹುಟ್ಟಿತು.

ನಾನು ಪಾಠಗಳನ್ನು ಕಾರ್ಡ್‌ಗಳಾಗಿ ಒಡೆದುಕೊಂಡದ್ದು ಇದನ್ನು ಓದಿದ ಮೇಲೆ. ಪ್ರತಿ ಕಾರ್ಡಿನಲ್ಲಿ ಬಿಡಿಸಿ ತೋರಿಸಿದ ಒಂದು ಲೆಕ್ಕ, ಅದೇ ಬಗೆಯ ನಾಲ್ಕೈದು ಲೆಕ್ಕ, ಕೊನೆಗೆ ಸ್ವಲ್ಪ ತಿರುವಿರುವ ಒಂದು ಲೆಕ್ಕ. ಇಂದು ಯಾವ ಕಾರ್ಡ್ ಮುಗಿಸುತ್ತೇನೆ ಎಂಬುದನ್ನು ಮಗು ತಾನೇ ಬರೆದುಕೊಳ್ಳಬೇಕು. ಕೊನೆಯ ಲೆಕ್ಕ ಸ್ವಲ್ಪ ಕಷ್ಟದ್ದಾಗಿರುವುದು ಮುಖ್ಯ, ಏಕೆಂದರೆ ತೀರಾ ಸುಲಭವಾದದ್ದನ್ನು ಮಾಡಿ ಹೊಗಳಿಸಿಕೊಂಡರೆ ಅದರ ಬೆಲೆ ಎಷ್ಟೆಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಮನೆಯಲ್ಲಿ ಯಾರಿಗೂ ಲೆಕ್ಕ ಬರುವುದಿಲ್ಲ ಎಂಬ ಮಾತಿಗೆ ಮಾತ್ರ ಕಾರ್ಡಿನಲ್ಲಿ ಉತ್ತರವಿಲ್ಲ. ಪೋಷಕರ ಸಭೆಗೆ ಬಂದ ತಾಯಿಯೊಬ್ಬರು ತಮಗೂ ಶಾಲೆಯಲ್ಲಿ ಲೆಕ್ಕ ಕಬ್ಬಿಣದ ಕಡಲೆಯಾಗಿತ್ತು ಎಂದು ಮಗಳ ಎದುರಿಗೇ ಹೇಳಿದರು. ಕಾಫಿ ಕೊಯ್ಲಿನ ಸಮಯದಲ್ಲಿ ದಿನದ ಕೂಲಿ ಸರಿಯಾಗಿದೆಯೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಅವರು ಬೆರಳು ಮಡಚುತ್ತಾ, ಚೀಲದ ತೂಕದಲ್ಲಿ ಕಿಲೋಗಳನ್ನು ಹತ್ತರ ಗುಂಪು ಮಾಡಿ ಕೂಲಿ ದರದಿಂದ ಗುಣಿಸಿ, ಉಳಿದ ಬಿಡಿ ಕಿಲೋಗಳದ್ದನ್ನು ಆಮೇಲೆ ಸೇರಿಸಿ, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ನೋಡುವ ಮೊದಲೇ ಮೊತ್ತ ಹೇಳುವ ಬಗೆಯನ್ನು ಮಾಡಿ ತೋರಿಸಿದರು. ನಾನು ಅದನ್ನೇ ಕಪ್ಪು ಹಲಗೆಯ ಮೇಲೆ a(b + c) = ab + ac ಎಂಬ ವಿಭಾಜಕ ನಿಯಮವಾಗಿ ಬರೆದೆ: a ಕೂಲಿ ದರ, b ಹತ್ತರ ಗುಂಪುಗಳ ಕಿಲೋ, c ಬಿಡಿ ಕಿಲೋ. ಆ ಹುಡುಗಿ ಹಲಗೆಯನ್ನೂ ತಾಯಿಯನ್ನೂ ನೋಡಿದ ರೀತಿಯನ್ನು ಮರೆಯಲಾರೆ. ಈಗ ಪ್ರತಿ ವರ್ಷವೂ ಇಬ್ಬರು ಮೂವರು ಪೋಷಕರನ್ನು ಕರೆದು ಹೀಗೆ ಲೆಕ್ಕ ಹೇಳಿಸುತ್ತೇನೆ.

ಇಷ್ಟು ನೆಲೆಯಾದ ಮೇಲೆಯೇ ಆಸಕ್ತಿಯ ಕೆಲಸ. ಕೊಡಗಿನಲ್ಲಿ ಮಳೆಯ ಮಾತಿಲ್ಲದ ಮನೆಯಿಲ್ಲ, ಮತ್ತು ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದಶಮಾಂಶ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. 0.35 ದೊಡ್ಡದೋ 0.4 ದೊಡ್ಡದೋ ಎಂದರೆ, 35 ನಾಲ್ಕಕ್ಕಿಂತ ದೊಡ್ಡದಲ್ಲವೇ ಎಂದು ಬಹುಪಾಲು ಮಕ್ಕಳು 0.35 ಎನ್ನುತ್ತಾರೆ. ಅದನ್ನೇ ಮೂವತ್ತೈದು ಸೆಂಟ್ ಮಳೆ, ನಲವತ್ತು ಸೆಂಟ್ ಮಳೆ ಎಂದು ಕೇಳಿದರೆ ಯಾರೂ ತಪ್ಪುವುದಿಲ್ಲ. ಶಾಲೆಯ ಬಯಲಿನಲ್ಲಿ ಮಳೆಮಾಪಕ ಇಟ್ಟಿದ್ದೇವೆ. ಬೆಳಿಗ್ಗೆ ಒಬ್ಬರು ಅಳತೆ ಓದಿ ಪುಸ್ತಕದಲ್ಲಿ ಬರೆಯುತ್ತಾರೆ, ಇನ್ನೊಬ್ಬರು 25.4ರಿಂದ ಗುಣಿಸಿ ಮಿಲಿಮೀಟರಿಗೆ ತಿರುಗಿಸುತ್ತಾರೆ. ಭಾಗಮಂಡಲ, ಕುಶಾಲನಗರದ ಕಡೆ ನೆಂಟರಿದ್ದವರು ಅಲ್ಲಿನ ಅಳತೆ ತಂದು, ಒಂದೇ ಜಿಲ್ಲೆಯೊಳಗೆ ಇಷ್ಟು ವ್ಯತ್ಯಾಸವೇಕೆ ಎಂದು ವಿಜ್ಞಾನದ ಶಿಕ್ಷಕರನ್ನು ಕಾಡುತ್ತಾರೆ. ಸಂಶೋಧಕರಾದ ಸುಝಾನ್ ಹೈಡಿ ಮತ್ತು ಆನ್ ರೆನ್ನಿಂಗರ್ 2006ರಲ್ಲಿ ಆಸಕ್ತಿಯ ನಾಲ್ಕು ಹಂತಗಳನ್ನು ಗುರುತಿಸಿದ್ದಾರೆ. ಸನ್ನಿವೇಶದಿಂದ ಹುಟ್ಟಿದ ಕುತೂಹಲ ಸ್ವಂತದ್ದಾಗಬೇಕಾದರೆ ಅದಕ್ಕೆ ಹೊರಗಿನ ಆಸರೆ ಬೇಕು ಎನ್ನುವುದು ಅದರ ಸಾರ. ಮಳೆಮಾಪಕವೂ ಮೊದಲಲ್ಲಿ ಬರೀ ಹೊಸತು. ದಶಮಾಂಶ ಗುಣಾಕಾರ ಕೈಗೆ ಹತ್ತಿದವರು ಮಾತ್ರ ಆಗಸ್ಟಿನ ನಂತರವೂ ಪುಸ್ತಕ ಮುಂದುವರಿಸುತ್ತಾರೆ, ಕಾಫಿ ಹೂವನ್ನು ಅರಳಿಸುವ ಮಾರ್ಚಿನ ಹೂಮಳೆಗೆ ಕಾಯುತ್ತಾರೆ.

ಅಂಕಗಳ ವಿಷಯದಲ್ಲಿ ನನ್ನದು ಗಟ್ಟಿಯಾದ ನಿಲುವು. ಕೇವಲ ಟಿಪ್ಪಣಿ ಪಡೆದ ಮಕ್ಕಳಲ್ಲಿ ಉಳಿದ ಆಸಕ್ತಿ, ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಲ್ಲಿ ಉಳಿಯಲಿಲ್ಲ ಎಂದು ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ತೋರಿಸಿದರು. ಹಾಗಾಗಿ ಕಿರುಪರೀಕ್ಷೆಯ ಹಾಳೆಯಲ್ಲಿ ‘ಆವರಣ ಬಿಡಿಸುವಾಗ ಎರಡನೇ ಪದದ ಚಿಹ್ನೆ ಬದಲಾಗಿಲ್ಲ, ಉಳಿದ ಹೆಜ್ಜೆಗಳು ಸರಿ’ ಎಂಬಂತೆ ಬರೆದು ಕೊಡುತ್ತೇನೆ. ತಿದ್ದಿ ತಂದ ಮೇಲೆಯೇ ಅಂಕ ಹೇಳುತ್ತೇನೆ. ಮೊದಲೇ ಹೇಳಿದರೆ ಪಕ್ಕದವನ ಅಂಕ ನೋಡುವುದರಲ್ಲೇ ಅವಧಿ ಮುಗಿಯುತ್ತದೆ.

ಎಸ್‌ಎಸ್‌ಎಲ್‌ಸಿ ಪಾಸಾಗುವ ಗುರಿಯನ್ನು ಕೀಳೆಂದು ನಾನು ಎಣಿಸುವುದಿಲ್ಲ. ಲೈನ್ ಮನೆಯ ಮಗುವಿಗೆ ಪಿಯುಸಿಯೋ ಐಟಿಐಯೋ ಸಿಗುವುದು ಅದರಿಂದಲೇ. ಕಷ್ಟವೆಂದರೆ ಆ ಗುರಿ ದೂರದ್ದು, ಮತ್ತು ಅದರ ಸಿದ್ಧತೆಯ ಜನವರಿ, ಫೆಬ್ರವರಿಗಳಲ್ಲೇ ರೊಬಸ್ಟಾ ತಳಿಯ ಕಾಫಿಯ ಕೊಯ್ಲು. ಕೂಲಿ ತೂಕದ ಮೇಲಿರುವಾಗ ಮನೆಯವರಿಗೆ ಎರಡು ಕೈ ಹೆಚ್ಚು ಬೇಕು, ಮಕ್ಕಳು ಶಾಲೆ ತಪ್ಪಿಸುತ್ತಾರೆ. ಕೊಯ್ಲಿಗೆ ಮೊದಲೇ ಅವರಿಗೆ ಕಾರ್ಡ್‌ಗಳ ಕಟ್ಟು ಕೊಟ್ಟಿರುತ್ತೇನೆ. ತಿರುಗಿ ಬಂದವರು ಯಾವ ಕಾರ್ಡಿನಲ್ಲಿ ನಿಂತಿದ್ದಾರೆಂದು ತಾವೇ ಹೇಳಿ ಅಲ್ಲಿಂದ ಮುಂದುವರಿಸುತ್ತಾರೆ. ಬಾರದವರ ಮನೆಗೆ ಸಂಜೆ ಹೋಗಿ, ವಾರದಲ್ಲಿ ಯಾವ ಯಾವ ದಿನ ಮಗುವನ್ನು ಶಾಲೆಗೆ ಬಿಡಬಲ್ಲಿರಿ ಎಂದು ತಂದೆ ತಾಯಿಯನ್ನು ಕೇಳಿ, ಆ ದಿನಗಳಿಗೆ ಹೊಂದುವಂತೆ ಕಾರ್ಡ್‌ಗಳನ್ನು ಹಂಚಿಕೊಡುತ್ತೇನೆ.