ಓಸಿಆರ್ ಕೆಲಸಕ್ಕೆ ಟಿಎಂಪಿಎಫ್‌ಎಸ್: ನನ್ನ ಅನುಭವ

ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ತಗೊಂಡು, ಅಕ್ಷರ ಓದುವ ಪ್ರೋಗ್ರಾಂ ಆದ ಟೆಸರಾಕ್ಟ್‌ನಲ್ಲಿ ಓಸಿಆರ್ (ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯ ಮಾಡುವುದು) ಮಾಡಿಕೊಡುವುದು ನನ್ನ ಕೆಲಸ. ಟೆಂಪ್ (ತಾತ್ಕಾಲಿಕ) ಫೈಲುಗಳನ್ನು ಟಿಎಂಪಿಎಫ್‌ಎಸ್ ಎಂಬ ಫೋಲ್ಡರ್ ವ್ಯವಸ್ಥೆಯಿಂದ ಡಿಸ್ಕಿನ ಬದಲು ರ‍್ಯಾಮ್‌ನಲ್ಲೇ ಇಡುತ್ತೇನೆ ಅಂದಾಗ ಜೊತೆಯವರು ಒಪ್ಪಲಿಲ್ಲ. "ಲಿನಕ್ಸ್ ಹೇಗಿದ್ರೂ ಫೈಲನ್ನ ಮೊದಲು ರ‍್ಯಾಮ್‌ನಲ್ಲೇ ಕ್ಯಾಶ್ ಮಾಡ್ಕೊಳ್ಳುತ್ತೆ ಅಲ್ವಾ?" ಅಂದರು.

ಅರ್ಧ ಸರಿ. ಕೂಡಲೇ ಅಳಿಸುವ ಫೈಲಿಗೆ ಆ ಮಾತು ನಡೆಯುತ್ತದೆ. ಪುಟಗಳ ಚಿತ್ರವಿರುವ ನನ್ನ ಟಿಫ್‌ಗಳು ಹತ್ತು ನಿಮಿಷ ಕೂತಿರುತ್ತವೆ. ಸುಮಾರು 30 ಸೆಕೆಂಡ್ ದಾಟಿದರೆ ಲಿನಕ್ಸಿನ ತಿರುಳಾದ ಕರ್ನಲ್ ಅವನ್ನು ಡಿಸ್ಕಿಗೆ ಬರೆಯುತ್ತದೆ. ಎ4 ಪುಟ, 300 ಡಿಪಿಐ, ಬಣ್ಣದಲ್ಲಿ 26 ಎಂಬಿ. 300 ಪುಟಕ್ಕೆ ಎಂಟು ಜಿಬಿ ಹತ್ತಿರ. ಓರೆ ಪುಟ ನೇರ ಮಾಡಿದ ಪ್ರತಿ, ಕಲೆ ತೆಗೆದ ಪ್ರತಿ ಸೇರಿದರೆ ಅದರ ಮೂರರಷ್ಟು. ನಾಲ್ಕು ಸಾವಿರ ಕೊಟ್ಟ ಎಸ್‌ಎಸ್‌ಡಿಯ ಆಯಸ್ಸು ಈ ಬರೆಯುವಿಕೆಯಲ್ಲೇ ಸುಮ್ನೆ ಕರಗುತ್ತಿತ್ತು.

ಶುರುವಿನಲ್ಲಿ ಎಲ್ಲ ಕೈಕೊಟ್ಟಿತು. ಟಿಎಂಪಿಎಫ್‌ಎಸ್ ತಾನಾಗಿ ತಗೊಳ್ಳುವ ಮಿತಿ ರ‍್ಯಾಮ್‌ನ ಅರ್ಧ. ನನ್ನ 16ರಲ್ಲಿ 8 ಜಿಬಿ, ಪುಸ್ತಕದ ನಡುವೆಯೇ ಜಾಗ ಮುಗಿಯಿತು. ಮಿತಿ 14ಕ್ಕೆ ಏರಿಸಿದರೆ ಟೆಸರಾಕ್ಟಿಗೇ ಮೆಮೊರಿ ಇಲ್ಲ. ಮೆಮೊರಿ ಮುಗಿದರೆ ಕರ್ನಲ್ ಕಳಿಸುವ ಓಓಎಂ ಕಿಲ್ಲರ್ ಬಂದು, ಓಡುತ್ತಿದ್ದ ಪ್ರೊಸೆಸ್ ಕೊಂದಿತು. ಆದರೆ ಟಿಫ್‌ಗಳು ಹಾಗೇ ಉಳಿದವು! ಪ್ರೊಸೆಸ್ ಸತ್ತರೂ ಫೈಲ್ ಅಳಿಸುವ ತನಕ ಆ ಮೆಮೊರಿ ವಾಪಸ್ ಬರುವುದಿಲ್ಲ. ರ‍್ಯಾಮ್‌ಎಫ್‌ಎಸ್ ಎಂಬ ಇನ್ನೊಂದು ರ‍್ಯಾಮ್ ಫೋಲ್ಡರ್ ವ್ಯವಸ್ಥೆ ಕೂಡ ನೋಡಿದೆ. ಅದಕ್ಕೆ ಮಿತಿಯೂ ಇಲ್ಲ, ರ‍್ಯಾಮ್ ತುಂಬಿದಾಗ ಡಿಸ್ಕಿನಲ್ಲಿ ಸಿಗುವ ಜಾಗವಾದ ಸ್ವಾಪ್‌ಗೂ ಹೋಗುವುದಿಲ್ಲ. ಮಷೀನ್ ಕಲ್ಲಾಯಿತು.

ಗೆದ್ದಿದ್ದು ಪುಸ್ತಕವನ್ನು ತುಂಡು ಮಾಡಿದಾಗ. ಪಿಡಿಎಫ್ ಪುಟಗಳನ್ನು ಚಿತ್ರ ಮಾಡುವ ಪಿಡಿಎಫ್‌ಟುಪಿಪಿಎಂಗೆ ಒಂದು ಸಲಕ್ಕೆ 20 ಪುಟ ಮಾತ್ರ. ಮೂರೂ ಪ್ರತಿ ಸೇರಿ ಒಂದೂವರೆ ಜಿಬಿ ಚಿಲ್ಲರೆ. ಮಿತಿ 4 ಜಿಬಿ ಹಾಕಿದೆ, ಇವತ್ತಿನವರೆಗೂ ತುಂಬಿಲ್ಲ. ಓದಿದ ಪಠ್ಯ ಮಾತ್ರ ನೇರ ಡಿಸ್ಕಿಗೆ. ಕರೆಂಟ್ ಹೋದರೆ ಹೋಗುವುದು ಆ 20 ಪುಟ ಅಷ್ಟೇ. ಕಲೆ ಬಿದ್ದ ಪುಟಗಳನ್ನು ಯಾವ ತುಂಡಿಗೆ ಸೇರಿಸುತ್ತೇನೆ ಅನ್ನುವ ಸ್ಕ್ರಿಪ್ಟ್ ನನ್ನ ಹತ್ತಿರವೇ ಇರಲಿ.

ನಡುವೆ, ರ‍್ಯಾಮ್‌ನಲ್ಲೇ ಕುಗ್ಗಿಸಿ ಇಡುವ ಝಡ್‌ರ‍್ಯಾಮ್ ಮೇಲೂ ಇಟ್ಟು ನೋಡಿದೆ. ಕಪ್ಪುಬಿಳುಪು ಪುಟಗಳು ಚೆನ್ನಾಗಿ ಕುಗ್ಗುತ್ತವೆ, ಆದರೆ ಸಿಪಿಯು ಟೆಸರಾಕ್ಟಿಗೇ ಬೇಕು. ಬಿಟ್ಟೆ. ಆ ಹೊತ್ತಿನಲ್ಲೇ ಒಂದು ಟೆಸರಾಕ್ಟ್ ಎಷ್ಟು ಥ್ರೆಡ್ (ಏಕಕಾಲದ ಕೆಲಸ) ಓಡಿಸಬಹುದು ಅನ್ನುವ ಓಎಂಪಿ ಥ್ರೆಡ್ ಲಿಮಿಟ್ ಒಂದಕ್ಕೆ ಇಳಿಸಿ, ಸಿಪಿಯು ಕೋರಿಗೊಂದರಂತೆ ಟೆಸರಾಕ್ಟ್ ಓಡಿಸಿದೆ. ಮುಕ್ಕಾಲು ಗಂಟೆಯ ಪುಸ್ತಕ ಅರ್ಧ ಗಂಟೆಗೆ ಬಂತು. ವೇಗದ ಲಾಭ ಜಾಸ್ತಿ ಇದರದ್ದೇ. ಟಿಎಂಪಿಎಫ್‌ಎಸ್ ಉಳಿಸಿದ್ದು ಡಿಸ್ಕನ್ನು.

ಡೆಬಿಯನ್ 13 ಎಂಬ ಲಿನಕ್ಸ್‌ನಲ್ಲಿ ಟೆಂಪ್ ಫೋಲ್ಡರ್ ಮೊದಲಿಂದಲೇ ಟಿಎಂಪಿಎಫ್‌ಎಸ್ ಆಗಿರುತ್ತದೆ. ಆದರೂ ಈ ಕೆಲಸಕ್ಕೆ ಬೇರೆಯೇ ಒಂದು ಟಿಎಂಪಿಎಫ್‌ಎಸ್ ಮೌಂಟ್ ಮಾಡಿಕೊಳ್ಳಿ (ಫೋಲ್ಡರಾಗಿ ಜೋಡಿಸಿ), ಟೆಂಪ್ ಫೈಲು ಎಲ್ಲಿಡಬೇಕು ಅನ್ನುವ ಟಿಎಂಪಿಡಿಐಆರ್ (TMPDIR) ಸೆಟ್ಟಿಂಗ್ ಅದಕ್ಕೆ ತಿರುಗಿಸಿ. ಅದು ತುಂಬಿದರೂ ಉಳಿದ ಪ್ರೋಗ್ರಾಂಗಳು ನಿಲ್ಲುವುದಿಲ್ಲ.