ಹುಲ್ಲಂಗಳದ ಹೂವು, ಬಾಟಲಿಯಲ್ಲಿ ಜೆಲ್ಲಿ

ಅಮೆರಿಕದ ಇಲಿನಾಯ್‌ನಲ್ಲಿ ಏಪ್ರಿಲ್ ಕೊನೆಗೆ ಹುಲ್ಲಿನ ನಡುವೆ ಕಾಡು ವಯೊಲೆಟ್ ಅನ್ನುವ ಸಣ್ಣ ನೇರಳೆ ಹೂ ಅರಳುತ್ತದೆ. ಈ ರಾಜ್ಯದ ಹೂವೂ ಅದೇ. ಆದರೂ ಹುಲ್ಲು ಚೆಂದ ಇರಬೇಕು ಅನ್ನುವವರಿಗೆ ಅದು ಬರೀ ಕಳೆ. ನಮ್ಮ ಮನೆಯಲ್ಲಿ ಅದರಿಂದ ಬ್ರೆಡ್ಡಿಗೆ ಸವರುವ, ಜಾಮ್‌ನಂಥ ಜೆಲ್ಲಿ ಮಾಡುತ್ತೇವೆ. ಈ ಸಲ ಊರಿಂದ ಬಂದಿದ್ದ ಅಮ್ಮನೂ ಜೊತೆಗಿದ್ದಳು.

ಮೊದಲು ಹೂ ಬಿಡಿಸಬೇಕು. ಕಳೆನಾಶಕ ಹೊಡೆದ ಜಾಗ, ರಸ್ತೆ ಬದಿ, ನಾಯಿ ಓಡಾಡುವ ಜಾಗ ಬೇಡ. ಕುಂಡದಲ್ಲಿ ಬೆಳೆಸುವ ಆಫ್ರಿಕನ್ ವಯೊಲೆಟ್ ಬೇರೆಯೇ ಗಿಡ, ಅದು ತಿನ್ನೋದಲ್ಲ. ಎರಡು ಕಪ್ ಒತ್ತಿ ತುಂಬುವಷ್ಟು ಹೂ ಬೇಕು. ಕೇಳಲು ಕಮ್ಮಿ, ಬಿಡಿಸಲು ಕೂತರೆ ಸೊಂಟ ಹಿಡಿಯುತ್ತದೆ. ಆ ಕೆಲಸ ಮಕ್ಕಳಿಗೆ ಬಿಟ್ಟುಬಿಡಿ, ಅವರಿಗೆ ಬಗ್ಗುವ ಕಷ್ಟವಿಲ್ಲ. ಹೂ ಕಿತ್ತರೆ ಗಿಡ ಹೋಗುತ್ತದೆ ಅನ್ನುವ ಭಯವೂ ಬೇಡ. ಈ ಗಿಡದ ಬೀಜ ಹೆಚ್ಚಾಗಿ ಬರುವುದು ಬೇಸಿಗೆಯಲ್ಲಿ ಬುಡದ ಹತ್ತಿರ ಬಿಡುವ, ಅರಳದೇ ಇರುವ ಹೂಗಳಿಂದ.

ಹೂವಿನ ಹಿಂದಿನ ಹಸಿರು ತೊಟ್ಟು ಚಿವುಟಿ ತೆಗೆಯಿರಿ. ಇಲ್ಲದಿದ್ದರೆ ಹುಲ್ಲಿನ ವಾಸನೆ ಬರುತ್ತದೆ. ಮಲ್ಲಿಗೆ ಕಟ್ಟಿ ಪಳಗಿದ ಬೆರಳು ಅಮ್ಮನದು, ನಾನು ಹತ್ತು ತೆಗೆಯುವಷ್ಟರಲ್ಲಿ ಅವಳದು ಮೂವತ್ತು.

ಹೂಗಳನ್ನು ತೊಳೆದು ಗಾಜಿನ ಪಾತ್ರೆಗೆ ಹಾಕಿ, ಎರಡೂವರೆ ಕಪ್ ಕುದಿಯುವ ನೀರು ಸುರಿದು ಮುಚ್ಚಿಡಿ. ಆರಿದ ಮೇಲೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇರಲಿ. ಬೆಳಿಗ್ಗೆ ಮುಚ್ಚಳ ತೆಗೆದ ಅಮ್ಮ, "ಏನೇ ಇದು, ಇಂಕ್ ಮಾಡಿದ್ಯಾ?" ಅಂದಳು. ಹೂ ಬಿಳಚಿಕೊಂಡಿತ್ತು, ನೀರು ಕಡುನೀಲಿ. ತೆಳು ಬಟ್ಟೆಯಲ್ಲಿ ಸೋಸಿ.

ಈಗ ಎಲ್ಲರನ್ನೂ ಒಲೆ ಹತ್ತಿರ ಕರೆಯಿರಿ. ಕಾಲು ಕಪ್ ನಿಂಬೆರಸ ಹಾಕುತ್ತಿದ್ದಂತೆ ನೀಲಿ ಹೋಗಿ ಕಡು ಗುಲಾಬಿ ಬಣ್ಣ ಬರುತ್ತದೆ. ಶಂಖಪುಷ್ಪದ ನೀರಿಗೆ ನಿಂಬೆ ಹಿಂಡಿದಾಗ ಆಗುವುದೂ ಇದೇ. ಆಂಥೋಸಯಾನಿನ್ ಅನ್ನುವ ಬಣ್ಣದ ಗುಣ ಅದು, ಹುಳಿ ತಾಗಿದರೆ ಕೆಂಪಿಗೆ ತಿರುಗುತ್ತದೆ. ನನ್ನ ಮಗ ಮೂರು ಸಲ ಚಮಚದಲ್ಲಿ ಬೇರೆಯಾಗಿ ಮಾಡಿ ನೋಡಿದ.

ಇದಕ್ಕೆ 50 ಗ್ರಾಂ ಪೆಕ್ಟಿನ್ ಪುಡಿ (ಜೆಲ್ಲಿ ಗಟ್ಟಿಯಾಗಿಸುವುದು ಇದೇ) ಕಲಸಿ ಕುದಿಸಿ. ಕುದಿ ಬಂದ ಮೇಲೆ ನಾಲ್ಕು ಕಪ್, ಅಂದರೆ ಸುಮಾರು 800 ಗ್ರಾಂ ಸಕ್ಕರೆ ಒಟ್ಟಿಗೆ ಸುರಿಯಿರಿ. ಈ ಕ್ರಮ ತಪ್ಪಬಾರದು. ಮೊದಲ ವರ್ಷ ನಾನು ಸಕ್ಕರೆ ಮೊದಲು ಹಾಕಿದೆ, ಪುಡಿ ಗಂಟುಗಂಟಾಯಿತು, ಜೆಲ್ಲಿ ಗಟ್ಟಿಯಾಗಲೇ ಇಲ್ಲ. ಎರಡು ತಿಂಗಳು ಅದೇ ಪಾನಕ ಕುಡಿದೆವು. ಸಕ್ಕರೆ ಜಾಸ್ತಿ ಅನಿಸುತ್ತೆ ಅಲ್ವಾ? ಕಮ್ಮಿ ಮಾಡಿದರೆ ಜೆಲ್ಲಿ ಗಟ್ಟಿಯಾಗುವುದಿಲ್ಲ.

ಸೌಟಿನಿಂದ ಕಲಕಿದರೂ ಇಳಿಯದಂತೆ ಕೊತಕೊತ ಕುದಿ ಬಂದಾಗ, ಗಡಿಯಾರ ನೋಡಿ ಒಂದೇ ನಿಮಿಷ. ಇಳಿಸಿ, ನೊರೆ ತೆಗೆದು, ಬಿಸಿ ಬಾಟಲಿಗಳಿಗೆ ಮೇಲೆ ಕಾಲು ಇಂಚು ಬಿಟ್ಟು ತುಂಬಿ. ಬಾಯಿ ಒರೆಸಿ ಮುಚ್ಚಿ, ಪೂರ್ತಿ ಮುಳುಗುವಷ್ಟು ನೀರಿನಲ್ಲಿ 10 ನಿಮಿಷ ಕುದಿಸಿ. ಆರುವಾಗ ಮುಚ್ಚಳ ಬಿಗಿದುಕೊಂಡು "ಟಕ್" ಅನ್ನುತ್ತದೆ. ಆ ಸದ್ದು ಎಣಿಸುವ ಕೆಲಸ ಮಕ್ಕಳದು. ಸುಮಾರು ಐದು ಸಣ್ಣ ಬಾಟಲಿ ಆಗುತ್ತದೆ. ಕತ್ತಲೆಯಲ್ಲಿಡಿ, ಬೆಳಕಿಗೆ ಬಣ್ಣ ಮಾಸುತ್ತದೆ.

ರುಚಿ? ಸುಮ್ನೆ ಹೊಗಳುವುದಿಲ್ಲ. ಈ ಹೂವಿಗೆ ಪರಿಮಳ ಅಷ್ಟಕ್ಕಷ್ಟೆ, ನಾಲಿಗೆಗೆ ಸಿಗುವುದು ಮುಖ್ಯವಾಗಿ ನಿಂಬೆ, ಸಕ್ಕರೆ. ನಾವು ಮಾಡುವುದು ಬಣ್ಣಕ್ಕೆ. ಬೆಂಗಳೂರಿನಲ್ಲಿದ್ದವರು ಕೆಂಪು ದಾಸವಾಳದ ಎಸಳಿನಲ್ಲಿ ಇದನ್ನೇ ಮಾಡಬಹುದು.

ಊರಿಗೆ ಹೊರಟ ಅಮ್ಮ ಎರಡು ಬಾಟಲಿ ಕೇಳಿದಳು. ವಿಮಾನದಲ್ಲಿ ಜೆಲ್ಲಿಯನ್ನೂ ದ್ರವದ ಲೆಕ್ಕಕ್ಕೇ ಸೇರಿಸುತ್ತಾರೆ, ಕೈಚೀಲದಲ್ಲಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಸುತ್ತಿಟ್ಟೆವು.