ವಿಮಾನ ಕಾಳಗದ ಆಟ: ಗಳಿಸಿದ ಎತ್ತರ ಕಳೆಯಬೇಡಿ

ಐಎಲ್-2, ವಾರ್ ಥಂಡರ್‌ನಂಥ ಕಂಪ್ಯೂಟರ್ ಆಟಗಳಿಗೆ ಹೊಸದಾಗಿ ಬಂದವರು ಹತ್ತು ನಿಮಿಷ ತಾಳ್ಮೆಯಿಂದ ಮೇಲೇರುತ್ತಾರೆ. ಕೆಳಗೊಂದು ವಿಮಾನ ಕಂಡದ್ದೇ ತಡ, ಧುಮುಕಿ, ಅದರ ಬಾಲ ಹಿಡಿದು ಗಿರಗಿರನೆ ಸುತ್ತಿ, ಮರದ ಮಟ್ಟಕ್ಕೆ ಇಳಿದು ಸಾಯುತ್ತಾರೆ. ಪಕ್ಕದಲ್ಲಿ ಕೂತು ನೋಡಿ ನೋಡಿ ಸಾಕಾಗಿದೆ.

ಮೊದಲು ನಿಮ್ಮ ಎಂಜಿನ್ ಎಷ್ಟೆತ್ತರದವರೆಗೆ ಉಸಿರಾಡುತ್ತದೆಂದು ತಿಳಿಯಿರಿ. ಎರಡನೇ ಮಹಾಯುದ್ಧದ ಅಮೆರಿಕನ್ ಫೈಟರ್ ಪಿ-47 ಥಂಡರ್‌ಬೋಲ್ಟ್‌ನ ಟರ್ಬೊ ಸೂಪರ್‌ಚಾರ್ಜರ್ ತೆಳುಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಬಿ-17 ಬಾಂಬರ್‌ಗಳು ಹಾರುತ್ತಿದ್ದ 25,000 ಅಡಿಯಲ್ಲಿ ಅದು ಹುಲಿ, ನೆಲದ ಹತ್ತಿರ ಕೋಣ. ಪಿ-39 ಐರಾಕೋಬ್ರಾ ಇದಕ್ಕೆ ಉಲ್ಟಾ: 15,000 ಅಡಿ ದಾಟಿದರೆ ಏದುಸಿರು. ಬ್ರಿಟಿಷರಿಗೆ ಬೇಡವಾದ ಅದೇ ವಿಮಾನದಲ್ಲಿ ಸೋವಿಯತ್ ಪೈಲಟ್ ಪೊಕ್ರಿಶ್ಕಿನ್ 1943ರಲ್ಲಿ ದಕ್ಷಿಣ ರಷ್ಯಾದ ಕುಬಾನ್ ಪ್ರದೇಶದ ಮೇಲೆ ಮೆರೆದರು. ಅಲ್ಲಿ ಹೊಡೆದಾಟ ಹೆಚ್ಚಾಗಿ ಕೆಳಗೇ ನಡೆಯುತ್ತಿತ್ತು.

ಎತ್ತರದ ಮಾಪಕ ನೋಡುವಾಗ ಎಚ್ಚರ. ಜರ್ಮನ್, ರಷ್ಯನ್ ವಿಮಾನಗಳದ್ದು ಮೀಟರ್, ಅಮೆರಿಕದ್ದು ಅಡಿ. ಪಿ-47ರಲ್ಲಿ 6,000 ಕಂಡು ಬೀಗಬೇಡಿ, ಅದು ಬರೀ 1,800 ಮೀಟರ್.

ಏರುವಾಗ ಮೂತಿಯನ್ನು ಆಕಾಶಕ್ಕೆ ನೆಡಬೇಡಿ. ಜರ್ಮನ್ ಫೈಟರ್ ಬಿಎಫ್-109 ಆದರೆ ಗಂಟೆಗೆ 270 ಕಿ.ಮೀ. ಆಸುಪಾಸು ಹಿಡಿದು, ಶತ್ರುವಿನತ್ತ ಅಲ್ಲ, ಪಕ್ಕಕ್ಕೆ ಏರಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಶತ್ರುವಿಗಿಂತ ಸಾವಿರ ಮೀಟರ್ ಮೇಲಿದ್ದರೆ ಮಾತ್ರ ಧುಮುಕಿ. 109ರಲ್ಲಿ ವೇಗ ವಿಪರೀತವಾದರೆ ಸ್ಟಿಕ್ (ವಿಮಾನ ತಿರುಗಿಸುವ ಹಿಡಿಕೆ) ಕಲ್ಲಿನಂತೆ ಬಿಗಿಯುತ್ತದೆ, ಮೂತಿ ಏಳುವುದಿಲ್ಲ. ಅದಕ್ಕೆ ಮುಂಚೆಯೇ ಥ್ರಾಟಲ್, ಅಂದರೆ ಎಂಜಿನ್ನಿನ ಶಕ್ತಿ, ಇಳಿಸಿ. 200 ಮೀಟರಿಗೆ ಬಂದಾಗ ಒಂದು ಸೆಕೆಂಡ್ ಗುಂಡು. ತಪ್ಪಿತೇ? ತಪ್ಪಲಿ. ತಿರುಗಬೇಡಿ! ಥ್ರಾಟಲ್ ಪೂರ್ತಿ ಕೊಟ್ಟು, ನೇರ ದಾಟಿ, ಮೆಲ್ಲಗೆ ಮೂತಿ ಎತ್ತಿ. 600 ಕಿ.ಮೀ. ವೇಗ 300ಕ್ಕೆ ಇಳಿಯುವಷ್ಟರಲ್ಲಿ, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ, ಎಂಜಿನ್ ನೆರವಿಲ್ಲದೆಯೂ ಸುಮಾರು ಸಾವಿರ ಮೀಟರ್ ವಾಪಸ್ ಸಿಗುತ್ತದೆ. ಸ್ಟಿಕ್ಕನ್ನು ಹೊಟ್ಟೆಗೆ ಎಳೆದುಕೊಂಡು ತಿರುಗಿದಿರೋ, ಅದೇ ವೇಗವನ್ನು ರೆಕ್ಕೆಗಳು ಗಾಳಿಗೆ ಚೆಲ್ಲುತ್ತವೆ.

300ರಲ್ಲಿ ಸಮತಟ್ಟಾಗಿ, ಹಿಂದೆ ನೋಡಿ. ಶತ್ರು ಬೆನ್ನಟ್ಟಿ ಏರುತ್ತಿದ್ದರೆ ಏರಲಿ. ಅವನ ವೇಗ ಮುಗಿದು ಮೂತಿ ಕೆಳಗೆ ಜೋತಾಗ ಮತ್ತೆ ಧುಮುಕಿ.